ಕೋಳಿ ಹೆಂಚು, ನಂಬರು ನೂರಹದಿನೇಳು

ಗ್ರಂಥಾಲಯ ವಿಜ್ಞಾನ ಓದುವ ಮಕ್ಕಳಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹೆಂಚಿಗೆ ನಂಬರು ಹಾಕುವುದು ಹೇಗೆ ಎಂದು ನಿಮ್ಮ ಪಠ್ಯಪುಸ್ತಕದಲ್ಲಿ ಬರೆದಿಲ್ಲ. ನನ್ನ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಆದರೂ ನಾನು ಮಾಲೂರಿನಲ್ಲಿ ಇಪ್ಪತ್ತೊಂಬತ್ತು ವರ್ಷ ಅದೇ ಕೆಲಸ ಮಾಡಿ, ಕೊನೆಯ ದಿನ ಹಾರ ಹಾಕಿಸಿಕೊಂಡು, ಶಾಲು ಹೊದಿಸಿಕೊಂಡು ಮನೆಗೆ ಬಂದೆ.

ನಮ್ಮದು ಹೆಂಚು, ಇಟ್ಟಿಗೆ ಕೆಲಸ ಕಲಿಸುವ ಒಂದು ತರಬೇತಿ ಕೇಂದ್ರ. ಅದರ ಹಿಂದಿದ್ದ ಹಳೇ ಹೆಂಚಿನ ಶೆಡ್ಡಿನಲ್ಲಿ ಅರ್ಧ ವಸ್ತುಸಂಗ್ರಹಾಲಯ, ಅರ್ಧ ಗ್ರಂಥಾಲಯ. ನಡುವೆ ಗೋಡೆ ಇರಲಿಲ್ಲ. ಆ ಕಡೆ ಹಳೇ ಹೆಂಚುಗಳು, ಮರದ ಅಚ್ಚುಗಳು, ಸೀಸೆಗಳಲ್ಲಿ ಬಗೆಬಗೆಯ ಕೆರೆ ಮಣ್ಣು. ಈ ಕಡೆ ಮಣ್ಣಿನ ಬಗ್ಗೆ, ಸುಡುವ ಗೂಡಿನ ಬಗ್ಗೆ ಪುಸ್ತಕಗಳು, ಮುಚ್ಚಿಹೋದ ಕಾರ್ಖಾನೆಗಳ ಕ್ಯಾಟಲಾಗುಗಳು. ಊರಿನವರು ಇದನ್ನು ಹೆಂಚಿನ ಲೈಬ್ರರಿ ಎನ್ನುತ್ತಿದ್ದರು. ನನ್ನನ್ನು ಹೆಂಚಿನ ಮೇಡಂ ಎನ್ನುತ್ತಿದ್ದರು. ನನ್ನ ನಿಜವಾದ ಹೆಸರು ಅಂಚೆಯವನಿಗೆ ಮಾತ್ರ ಗೊತ್ತಿತ್ತು.

ನಾನು ಮುಳಬಾಗಿಲಿನವಳು. ನಮ್ಮದು ಲೆಕ್ಕ ಬರೆಯುವ ಮನೆತನ. ತಾತ, ಅಪ್ಪ, ದೊಡ್ಡಪ್ಪ ಎಲ್ಲರೂ ಮೂಗಿನ ತುದಿಗೆ ಕನ್ನಡಕ ಇಟ್ಟುಕೊಂಡು ಹುಟ್ಟಿದವರ ಹಾಗೆ ಇದ್ದರು. ನಮ್ಮ ಮನೆಯಲ್ಲಿ ಒಂದು ಸೌಟು ಕಾಣದಿದ್ದರೂ ಹುಡುಕಿ ಮುಗಿಯುವವರೆಗೆ ಎಲೆ ಹಾಕುತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ದಿನ ಅಪ್ಪ ಹೇಳಿದ್ದು ಒಂದೇ ಮಾತು. "ನಮ್ಮೋರು ಇಟ್ಟ ಸಾಮಾನು ಎಲ್ಲೂ ತಪ್ಪಿಲ್ಲ ಕಣಮ್ಮಾ. ಹೆಸರು ಉಳಿಸು." ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ನಗುವುದಕ್ಕೆ ಬೇಕಾಗುತ್ತದೆ.

ನಮ್ಮ ಸೂಪರಿಂಟೆಂಡೆಂಟ್ ನಂಜುಂಡಯ್ಯನವರು ನಿಯಮದ ಮನುಷ್ಯ. ಒಳಗೆ ಬಂದ ಪ್ರತಿಯೊಂದು ವಸ್ತುವಿಗೂ ಆಕ್ಸೆಷನ್ ರಿಜಿಸ್ಟರಿನಲ್ಲಿ ಒಂದು ನಂಬರು ಬೀಳಬೇಕು ಎಂದು ಅಪ್ಪಣೆ ಮಾಡಿದರು. ಸರಿ, ಅದು ಒಳ್ಳೆಯ ಪದ್ಧತಿಯೇ. ಆದರೆ ನಂಬರು ಇದ್ದ ಮೇಲೆ ಎರವಲು ಕಾರ್ಡೂ ಇರಬೇಕು ಎಂದರು. ಹಾಗಾಗಿ ನಮ್ಮಲ್ಲಿ ಪ್ರತಿ ಹೆಂಚಿಗೂ ಪುಸ್ತಕಕ್ಕಿರುವಂಥ ಒಂದು ಕಾರ್ಡು ತಯಾರಾಯಿತು. ಹದಿನಾಲ್ಕು ದಿನದೊಳಗೆ ಹಿಂದಿರುಗಿಸತಕ್ಕದ್ದು, ಪುಟ ಹರಿಯಬಾರದು, ಪೆನ್ನಿನಿಂದ ಗೀಚಬಾರದು ಎಂದು ಅದರ ಮೇಲೆ ಅಚ್ಚಾಗಿತ್ತು.

ನಗಬೇಡಿ. ಒಬ್ಬರು ನಿಜವಾಗಿಯೂ ಎರವಲು ಕೇಳಿಕೊಂಡು ಬಂದರು. ವಕ್ಕಲೇರಿಯ ರೈತರು. ಹಾಲಿನ ಡೇರಿಗೆ ಹಾಲು ಹಾಕಿ, ಹಾಗೇ ಬಸ್ಸು ಹತ್ತಿ ಬಂದಿದ್ದರು. ಟವೆಲಿನಲ್ಲಿ ಸುತ್ತಿ ತಂದಿದ್ದ ಒಡೆದ ಹೆಂಚನ್ನು ನನ್ನ ಮೇಜಿನ ಮೇಲೆ ಬಿಚ್ಚಿ, "ಇದರ ಜೊತೆದು ಬೇಕಮ್ಮಾ. ಹೊಸಾ ಹೆಂಚು ಇದರ ಪಕ್ಕ ಕೂರ್ತಾನೇ ಇಲ್ಲ, ಮಳೆ ನೀರು ಸೀದಾ ಹಸೀನ ಮೇಲೆ" ಎಂದರು. ಹೆಂಚಿನ ಬೆನ್ನಿನ ಮುದ್ರೆ ನೋಡಿ, ಹಳೇ ಕ್ಯಾಟಲಾಗು ತೆಗೆದು, ಆ ಕಾರ್ಖಾನೆಯ ಅಚ್ಚು ಈಗ ಯಾರ ಬಳಿ ಇದೆ ಎಂದು ಮೂರು ದಿನ ಹುಡುಕಿ ಹೇಳಿದೆ. ಅವರ ಹಸುವಿನ ಮೈ ಒಣಗಿತು. ಗ್ರಂಥಪಾಲಕಿಯಾಗಿ ನಾನು ಮಾಡಿದ ಮೊದಲ ಸಂಶೋಧನಾ ಸಹಾಯ ಅದೇ. ನಿಮಗೆ ದೊಡ್ಡ ದೊಡ್ಡ ವಿದ್ವಾಂಸರು ಓದುಗರಾಗಿ ಸಿಗಲಿ ಎಂದು ಹಾರೈಸುತ್ತೇನೆ, ಆದರೆ ಟವೆಲಿನಲ್ಲಿ ಸುತ್ತಿಕೊಂಡು ಬರುವವರನ್ನು ಬಿಡಬೇಡಿ.

ಇನ್ನು ನಂಬರಿನ ಕಥೆ. ಮೊದಲು ಕಾಗದದ ಚೀಟಿಗೆ ಗೋಂದು ಹಚ್ಚಿ ಹೆಂಚಿಗೆ ಅಂಟಿಸಿದೆ. ಮೊದಲನೇ ಮಳೆಗಾಲದ ಥಂಡಿಗೇ ಅಷ್ಟೂ ಚೀಟಿಗಳು ಕಳಚಿ ನೆಲಕ್ಕೆ ಬಿದ್ದವು. ಯಾವ ಚೀಟಿ ಯಾವ ಹೆಂಚಿನದು ಎಂದು ಹೊಂದಿಸಲು ನಾನೂ ಅಟೆಂಡರ್ ಮುನಿವೆಂಕಟಪ್ಪನವರೂ ಒಂದು ವಾರ ನೆಲದ ಮೇಲೆ ಕೂತಿದ್ದೆವು.

ಮುನಿವೆಂಕಟಪ್ಪನವರ ಬಗ್ಗೆ ಹೇಳಬೇಕು. ಟೇಕಲ್ಲಿನವರು. ದಿನಾ ಬೆಳಿಗ್ಗೆ ರೈಲಿನಲ್ಲಿ ಬರುತ್ತಿದ್ದರು. ಹೆಂಚಿನ ಕಾರ್ಖಾನೆಯಲ್ಲಿ ಹತ್ತು ವರ್ಷ ಮಣ್ಣು ತುಳಿದು ಆಮೇಲೆ ನಮ್ಮಲ್ಲಿಗೆ ಬಂದವರು. ಹೆಂಚನ್ನು ಬೆರಳಿನಲ್ಲಿ ತಟ್ಟಿ, ಬರುವ ಸದ್ದಿನಿಂದಲೇ ಸರಿಯಾಗಿ ಬೆಂದಿದೆಯೋ ಇಲ್ಲವೋ ಹೇಳುತ್ತಿದ್ದರು. ಸೊಂಟದ ಉಡಿದಾರಕ್ಕೆ ಕಟ್ಟಿದ ವಸ್ತುಸಂಗ್ರಹಾಲಯದ ಬೀಗದ ಕೈ ಅವರ ಹೆಮ್ಮೆ. ಅವರು ನಡೆದರೆ ಅದು ಸದ್ದು ಮಾಡುತ್ತಿತ್ತು. ಯಾರಾದರೂ ಕೇಳಿದರೆ, "ಸೂಪರಿಂಟೆಂಡೆಂಟ್ ಸಾಹೇಬ್ರು ಬಂದ್ರೂ ನಾನು ತೆಗೀಬೇಕು, ಮಂತ್ರಿ ಬಂದ್ರೂ ನಾನೇ ತೆಗೀಬೇಕು" ಎನ್ನುತ್ತಿದ್ದರು.

ಎರಡನೇ ವರ್ಷ ಬಿಳಿ ಪೇಂಟು ತರಿಸಿ ಹೆಂಚುಗಳ ಮೇಲೇ ನಂಬರು ಬರೆಯತೊಡಗಿದೆ. ಮುಖ ಕೆಡಬಾರದೆಂದು ಒಳಬದಿಯಲ್ಲಿ, ಕನ್ನಡ ಅಂಕಿಯಲ್ಲಿ. ನನ್ನ ಏಳಕ್ಕೆ ಬಾಲ ಉದ್ದ. ನಂಜುಂಡಯ್ಯನವರು ಅದನ್ನು ನೋಡಿ, "ಏನಮ್ಮಾ, ಏಳಕ್ಕೆ ಜಡೆ ಹಾಕಿದ್ದೀರಿ" ಎನ್ನುತ್ತಿದ್ದರು. ಬರೆದ ಹೆಂಚುಗಳನ್ನು ಒಣಗಲೆಂದು ಓದುಕೋಣೆಯ ನೆಲದ ಮೇಲೆ ಸಾಲಾಗಿ ಒರಗಿಸಿದ್ದೆವು. ಪಕ್ಕದಲ್ಲೇ ಸೂರಿಗೆಂದು ಇಟ್ಟಿದ್ದ ಬದಲಿ ಹೆಂಚುಗಳ ಗುಡ್ಡೆ ಇತ್ತು.

ಆ ಮಧ್ಯಾಹ್ನ ಆಲಿಕಲ್ಲು ಮಳೆ ಬಂತು. ಕರೆಂಟು ಹೋಯಿತು. ಮೂಲೆಯಲ್ಲಿ ಸೂರಿನ ಹೆಂಚು ಒಡೆದು, ಹಳೇ ಕ್ಯಾಟಲಾಗುಗಳ ಬೀರುವಿನ ಮೇಲೆ ನೀರು ಧಾರೆಯಾಗಿ ಇಳಿಯಿತು. ಆ ಕ್ಯಾಟಲಾಗುಗಳಿಗೆ ಇನ್ನೊಂದು ಪ್ರತಿ ಇಲ್ಲ. ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಗಾರೆಯವರೊಬ್ಬರು ಏಣಿ ಹತ್ತಿದರು, ಮುನಿವೆಂಕಟಪ್ಪ ಏಣಿ ಹಿಡಿದರು, ನಾನು ಒಂದು ಕೈಯಲ್ಲಿ ಕ್ಯಾಟಲಾಗುಗಳನ್ನು ಎದೆಗೆ ಅವುಚಿಕೊಂಡು ಇನ್ನೊಂದು ಕೈಯಲ್ಲಿ ಹೆಂಚು ಕೊಟ್ಟೆ. ಒಳಗಿನಿಂದಲೇ ಹೆಂಚು ಮೇಲೆತ್ತಿ ಕೂರಿಸಿದರು. ನೀರು ನಿಂತಿತು. ಕೋಲಾರದ ಮೀಟಿಂಗಿನಿಂದ ಮರುದಿನ ಬಂದ ನಂಜುಂಡಯ್ಯನವರು ಎಲ್ಲರ ಎದುರು ನನ್ನನ್ನು ಹೊಗಳಿದರು. ಮತ್ತೆ ಹೀಗಾಗಬಾರದೆಂದು ಆ ತಿಂಗಳಲ್ಲೇ ಓದುಕೋಣೆಗೆಲ್ಲ ಹಲಗೆಯ ಸೀಲಿಂಗು ಹೊಡೆಸಿದರು. ನಾನು ಇನ್ನೂ ಖಾಯಂ ಆಗಿರಲಿಲ್ಲ. ಮನೆಯಲ್ಲಿ ಒಂದೂವರೆ ವರ್ಷದ ಮಗಳು. ಆ ಹೊಗಳಿಕೆ ನನಗೆ ಬಹಳ ದಿನ ಬಂತು.

ಸೀಲಿಂಗಿನ ಕೆಲಸಕ್ಕೆಂದು ಪೆಟ್ಟಿಗೆಗಳಿಗೆ ತುಂಬಿಟ್ಟಿದ್ದ ಹೆಂಚುಗಳನ್ನು ಬಿಚ್ಚಿದ್ದು ಆರು ತಿಂಗಳ ಮೇಲೆ, ಸ್ಟಾಕ್ ವೆರಿಫಿಕೇಷನ್ನಿಗೆ. ರಿಜಿಸ್ಟರು ಹಿಡಿದು ಒಂದೊಂದೇ ವಸ್ತು ಎಣಿಸುವುದು. ನೂರಹದಿನೇಳು ಇಲ್ಲ.

ಹೋದದ್ದು ಅಂಥಿಂಥ ಹೆಂಚಲ್ಲ, ಕೋಳಿ ಹೆಂಚು. ಹಸಿಯಾಗಿ ಒಣಗಲು ಇಟ್ಟಿದ್ದಾಗ ಯಾವುದೋ ಕೋಳಿ ಅದರ ಮೇಲೆ ನಡೆದುಹೋಗಿತ್ತು. ಮೂರು ಬೆರಳಿನ ನಾಲ್ಕು ಹೆಜ್ಜೆ, ಹಾಗೇ ಬೆಂದು ಗಟ್ಟಿಯಾಗಿದ್ದವು. ಬಂದ ಮಕ್ಕಳೆಲ್ಲ ಬೇರೆ ಯಾವ ಹೆಂಚನ್ನೂ ನೋಡದೆ ಅದನ್ನೇ ಮುಟ್ಟುತ್ತಿದ್ದರು.

ಆ ವರ್ಷವೇ ಮುನಿವೆಂಕಟಪ್ಪನವರು ಟೇಕಲ್ಲಿನಲ್ಲಿ ಮನೆ ಕಟ್ಟಿದ್ದರು. ಹೆಂಚಿನ ಮನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನಂಜುಂಡಯ್ಯನವರು ಹುಡುಕುತ್ತಿದ್ದರು. ಹೆಗಲು ಮುಟ್ಟಿಕೊಳ್ಳದೆ ತಲೆ ತಗ್ಗಿಸಿ ನಿಂತವರು ಇವರೊಬ್ಬರೇ. ಅದೇ ಸಾಕಾಯಿತು. ಒಂದು ಭಾನುವಾರ ಸೂಪರಿಂಟೆಂಡೆಂಟರೇ ರಿಜಿಸ್ಟರು ಕಂಕುಳಲ್ಲಿಟ್ಟುಕೊಂಡು ಟೇಕಲ್ಲಿಗೆ ಹೋಗಿ, ಏಣಿ ಹಾಕಿಸಿ, ಆ ಮನೆಯ ಸೂರನ್ನು ಸಾಲು ಸಾಲಾಗಿ ಪರೀಕ್ಷೆ ಮಾಡಿದರು. ಇಳಿದಾಗ ಮುನಿವೆಂಕಟಪ್ಪನವರ ಹೆಂಡತಿ ಮಜ್ಜಿಗೆ ಕೊಟ್ಟರಂತೆ. ಕುಡಿದು, ಚೆನ್ನಾಗಿದೆ ಎಂದು ಹೇಳಿ ಬಂದರಂತೆ. ಕೋಳಿ ಹೆಂಚು ಸಿಗಲಿಲ್ಲ. "ಮಾರಿರಬಹುದು" ಎಂದರು. ಸೋಮವಾರ ಎಲ್ಲರ ಮುಂದೆ ಕೈ ಚಾಚಿ ಬೀಗದ ಕೈ ಕೇಳಿದರು. ಮುನಿವೆಂಕಟಪ್ಪ ಉಡಿದಾರದಿಂದ ಅದನ್ನು ಬಿಚ್ಚಲು ಬಹಳ ಹೊತ್ತು ತೆಗೆದುಕೊಂಡರು. ಗಂಟು ಹಳೆಯದಾಗಿತ್ತು.

ಬೀಗದ ಕೈ ನನ್ನ ವಶಕ್ಕೆ ಬಂತು. ಅಲ್ಲಿಂದ ಅವರು ನಿವೃತ್ತಿಯಾಗುವವರೆಗೆ ಹನ್ನೊಂದು ವರ್ಷ, ದಿನಾ ಬೆಳಿಗ್ಗೆ ಶೆಡ್ಡಿನ ಹೊರಗೆ ಜಗುಲಿಯಲ್ಲಿದ್ದ ನನ್ನ ಮೇಜಿನ ಹತ್ತಿರ ಬಂದು ಅದನ್ನು ಕೇಳಿ ತೆಗೆದುಕೊಂಡು, ಬಾಗಿಲು ತೆಗೆದು, ಮತ್ತೆ ತಂದು ನನ್ನ ಅಂಗೈಗೆ ಹಾಕುತ್ತಿದ್ದರು. ಮೇಜಿನ ಮೇಲೆ ಒಂದು ದಿನವೂ ಇಡಲಿಲ್ಲ. ನಂಜುಂಡಯ್ಯನವರು ವರ್ಗವಾಗಿ ಹೋದರು, ಹೊಸಬರು ಬಂದರು, ಕಾರ್ಡು ಹೋಗಿ ಕಂಪ್ಯೂಟರು ಬಂತು. ಬಾರ್‌ಕೋಡಿನ ಚೀಟಿಗಳೂ ಹಳೇ ಗೋಂದಿನ ಚೀಟಿಗಳ ಹಾಗೆಯೇ ಮಳೆಗಾಲದಲ್ಲಿ ಉದುರಿದವು. ಬೀಗದ ಕೈಯ ಪದ್ಧತಿಯನ್ನು ಮಾತ್ರ ಯಾರೂ ಬದಲಿಸಲಿಲ್ಲ. ನಾನೂ ಬದಲಿಸಲಿಲ್ಲ.

ಅವರು ಕದ್ದಿಲ್ಲ ಎಂದು ನನಗೆ ಗೊತ್ತಿತ್ತು. ಹೇಗೋ ಒಡೆದುಹೋಗಿರಬೇಕು, ಪಾಪ, ಅದೃಷ್ಟ ನೆಟ್ಟಗಿಲ್ಲ ಎಂದುಕೊಂಡಿದ್ದೆ. ಅಷ್ಟರಲ್ಲೇ ನನ್ನ ನ್ಯಾಯಬುದ್ಧಿ ಮುಗಿಯಿತು.

ಪ್ರತಿ ವರ್ಷ ಕೋಲಾರದಿಂದ ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳು ನಮ್ಮಲ್ಲಿಗೆ ಪ್ರವಾಸ ಬರುತ್ತಿದ್ದರು. ವಿಶೇಷ ಗ್ರಂಥಾಲಯ ಹೇಗಿರುತ್ತದೆ ಎಂದು ನೋಡುವುದು ಅವರ ಪಠ್ಯದ ಭಾಗ. ನಿಮ್ಮ ಹಾಗೆಯೇ ಇದ್ದರು, ಬಂದ ಕೂಡಲೇ ನೀರು ಎಲ್ಲಿ, ಊಟ ಎಷ್ಟು ಗಂಟೆಗೆ ಎಂದು ವಿಚಾರಿಸುತ್ತಿದ್ದರು. ಅವರ ಮೇಷ್ಟ್ರು ಪ್ರತಿ ಸಲ ಒಂದೇ ಕುರ್ಚಿಯಲ್ಲಿ ಕೂತು ಒಂದೇ ರೀತಿ ತೂಕಡಿಸುತ್ತಿದ್ದರು. ನೂರಹದಿನೇಳರ ಖಾಲಿ ಜಾಗದ ಮುಂದೆ ನಿಂತು ನಾನು ಗಂಭೀರವಾಗಿ ಪಾಠ ಮಾಡುತ್ತಿದ್ದೆ. "ನೋಡಿ ಮಕ್ಕಳೇ, ಒಂದು ವಸ್ತು ಹೋಯಿತು, ಅದರ ಜೊತೆ ಒಬ್ಬ ಒಳ್ಳೆಯ ಮನುಷ್ಯನ ಹೆಸರೂ ಹೋಯಿತು. ನಿಗಾ ಇಡಬೇಕು." ಮಕ್ಕಳು ಬರೆದುಕೊಳ್ಳುತ್ತಿದ್ದರು.

ನಾನು ನಿವೃತ್ತಳಾದ ಮೇಲೂ ಈ ಪಾಠ ನಿಲ್ಲಲಿಲ್ಲ. ಈಗಿನ ಗ್ರಂಥಪಾಲಕಿ ರಶ್ಮಿ ಈ ವರ್ಷವೂ ಫೋನು ಮಾಡಿ, "ಮೇಡಂ, ಸ್ಟೂಡೆಂಟ್ಸ್ ಬರ್ತಿದ್ದಾರೆ, ನೀವೇ ಬಂದು ಹೇಳ್ಬೇಕು. ಓದುಕೋಣೇಲಿ ಸ್ವಲ್ಪ ಧೂಳಿದೆ, ಬೇಜಾರು ಮಾಡ್ಕೋಬೇಡಿ. ಗೆದ್ದಲು ಹತ್ತಿತ್ತು ಅಂತ ಸೀಲಿಂಗ್ ಬಿಚ್ಚಿಸಿದ್ದೀವಿ" ಎಂದಳು.

ಹೋದೆ. ಇಪ್ಪತ್ತು ಮಕ್ಕಳು. ಅರ್ಧ ಜನ ಹೆಂಚಿನ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಬೈರಕೂರಿನ ಮಂಜುಳಾ ಎಂಬ ಹುಡುಗಿ ಕಾಲು ನೋವೆಂದು ಓದುಕೋಣೆಯ ಮೂಲೆಯಲ್ಲಿ ಬೀರುವಿಗೆ ಒರಗಿ ನೆಲದ ಮೇಲೇ ಕೂತು, ನನ್ನ ಪಾಠ ಕೇಳುವುದು ಬಿಟ್ಟು ಸೂರು ನೋಡುತ್ತಿದ್ದಳು. ನನಗೆ ಸ್ವಲ್ಪ ಸಿಟ್ಟು ಬಂತು. ಧ್ವನಿ ಎತ್ತರಿಸಿ, "ನೂರಹದಿನೇಳು ಇವತ್ತಿಗೂ ಸಿಕ್ಕಿಲ್ಲ" ಎಂದೆ.

"ಮೇಡಂ, ಅದು ಇಲ್ಲೇ ಮೇಲಿದೆಯಲ್ಲ?" ಎಂದಳು ಮಂಜುಳಾ.

ಎಲ್ಲರೂ ತಲೆ ಎತ್ತಿದರು. ಮೂಲೆಯ ರೀಪಿನ ಪಟ್ಟಿಗಳ ಮೇಲೆ ಕೂತ ಹೆಂಚೊಂದರ ಒಳಮೈಯಲ್ಲಿ ಬಿಳಿ ಪೇಂಟಿನ ಅಂಕಿಗಳು ಕಾಣುತ್ತಿದ್ದವು. ಕೊನೆಯ ಏಳಕ್ಕೆ ಉದ್ದನೆಯ ಬಾಲ. ಜಡೆ ಹಾಕಿದ ಏಳು.

ಮಕ್ಕಳು ನಕ್ಕರು. ಮೇಷ್ಟ್ರಿಗೆ ಎಚ್ಚರವಾಯಿತು. ನನಗೆ ಆ ಮಧ್ಯಾಹ್ನ ಪೂರ್ತಿ ಕಣ್ಣ ಮುಂದೆ ಬಂತು. ಎದೆಯಲ್ಲಿ ಕ್ಯಾಟಲಾಗು, ಕೈಯಲ್ಲಿ ಹೆಂಚು, ಆ ಕತ್ತಲಲ್ಲಿ ನಾನು ಕೈ ಹಾಕಿದ್ದು ಬದಲಿ ಹೆಂಚಿನ ಗುಡ್ಡೆಗಲ್ಲ, ಒಣಗಲು ಇಟ್ಟಿದ್ದ ಸಾಲಿಗೆ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಸೂರಿನ ಮೇಲೆ ಹೆಂಚಿಟ್ಟು ಟೇಕಲ್ಲಿನವರೆಗೆ ಹುಡುಕಿಸಿದ್ದೆವು. ಲೆಕ್ಕದ ಮನೆತನದ ನಾನು, ಮೂವತ್ತು ವರ್ಷದಿಂದ ನನ್ನ ತಪ್ಪಿನ ಕೆಳಗೇ ನಿಂತು ಮಕ್ಕಳಿಗೆ ನಿಗಾ ಇಡುವ ಪಾಠ ಹೇಳಿದ್ದೆ. ನನಗೆ ನಾಚಿಕೆಯಾಯಿತು. ಆಮೇಲೆ ಅಳು ಬಂತು. ಮಂಜುಳಾ ಎದ್ದು ಬಂದು ತನ್ನ ನೀರಿನ ಬಾಟಲಿ ಕೊಟ್ಟಳು.

ಮರುದಿನ ಬೆಳಿಗ್ಗೆಯ ರೈಲಿಗೆ ಟೇಕಲ್ಲಿಗೆ ಹೋದೆ. ಮುನಿವೆಂಕಟಪ್ಪನವರಿಗೆ ಈಗ ವಯಸ್ಸಾಗಿದೆ. ಜಗುಲಿಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ನನ್ನನ್ನು ಕಂಡು ಎದ್ದು, ಮನೆಮಾತು ತೆಲುಗು ಬೆರೆಸಿ, "ರಾಂಡಮ್ಮಾ, ಬನ್ನಿ ಬನ್ನಿ, ಏನು ಇಷ್ಟು ದೂರ" ಎಂದರು.

ನಾನು ಕೂರಲಿಲ್ಲ. ನಿಂತೇ ಹೇಳಿದೆ. "ಮುನಿವೆಂಕಟಪ್ಪನವರೇ, ಕೋಳಿ ಹೆಂಚು ಸಿಕ್ತು. ಓದುಕೋಣೆ ಸೂರಲ್ಲಿದೆ. ಮಳೆ ದಿನ ನಾನೇ ಕೊಟ್ಟಿದ್ದು."

ಅವರು ಹುಣಸೆಹಣ್ಣಿನ ಬೀಜ ಒಂದನ್ನು ಬಿಡಿಸಿ ಪಕ್ಕಕ್ಕೆ ಇಟ್ಟರು. "ಹೌದಮ್ಮಾ" ಎಂದರು.

"ಹೌದು ಅಂದ್ರೆ?"

"ಏಣಿ ಹಿಡ್ಕೊಂಡಿದ್ದು ನಾನೇ ಅಲ್ವಾ? ಮಾರನೇ ದಿನ ಕಸ ಗುಡಿಸೋವಾಗ ನಂಬರೂ ನೋಡಿದ್ದೆ."

ಜಗುಲಿಯ ಮೇಲೆ ಕೂತೆ. "ಮತ್ತೆ ಯಾಕೆ ಹೇಳ್ಲಿಲ್ಲ? ಸಾಹೇಬ್ರು ನಿಮ್ಮ ಮನೆ ಸೂರು ಹತ್ತಿದ್ರು. ಬೀಗದ ಕೈ ಕಿತ್ಕೊಂಡ್ರು."

"ನೀವಿನ್ನೂ ಖಾಯಂ ಆಗಿರ್ಲಿಲ್ಲಮ್ಮಾ. ಕಂಕುಳಲ್ಲಿ ಮಗು. ನನ್ನನ್ನ ತೆಗೆಯೋಕಾಗಲ್ಲ, ನಿಮ್ಮನ್ನ ಒಂದು ಕಾಗದದಲ್ಲಿ ಮನೆಗೆ ಕಳಿಸೋರು." ನನ್ನ ಮುಖ ನೋಡದೆ ಮುಂದುವರಿಸಿದರು. "ಆಮೇಲೆ ಖಾಯಂ ಆಯ್ತು ನಿಮ್ದು. ಮೇಡಂ ಇವತ್ತು ನಿಜ ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೆ. ದಿನಾ ಬೀಗದ ಕೈ ನಿಮ್ಮ ಕೈಗೆ ಹಾಕೋವಾಗ ಇವತ್ತು ಹೇಳ್ತಾರೆ ಅಂತ ಅಂದ್ಕೊಳ್ತಿದ್ದೆ."

ಹನ್ನೊಂದು ವರ್ಷ, ದಿನಕ್ಕೊಂದು ಸಲ. ಅದಕ್ಕೇ ಮೇಜಿನ ಮೇಲೆ ಇಡುತ್ತಿರಲಿಲ್ಲ.

"ನನಗೆ ಗೊತ್ತಿರ್ಲಿಲ್ಲ" ಎಂದೆ. "ನನ್ನ ಮಗಳಾಣೆಗೂ ಗೊತ್ತಿರ್ಲಿಲ್ಲ. ನಿನ್ನೆ ಒಂದು ಹುಡುಗಿ ತೋರಿಸಿದ್ಲು."

ಅವರು ಆಗ ತಲೆ ಎತ್ತಿ ನನ್ನನ್ನು ನೋಡಿದರು. ಬೆಂದ ಹೆಂಚನ್ನು ತಟ್ಟಿ ಸದ್ದು ಕೇಳುವಾಗ ಹಾಗೆ ನೋಡುತ್ತಿದ್ದರು. ಆಮೇಲೆ ನಗಲು ಶುರು ಮಾಡಿದರು. ನಗುತ್ತ ನಗುತ್ತ ಕೆಮ್ಮು ಬಂತು, ಒಳಗಿನಿಂದ ಅವರ ಹೆಂಡತಿ ಏನಾಯಿತೆಂದು ಓಡಿ ಬಂದರು.

"ನೋಡೇ, ಮೇಡಮ್ಮಿಗೆ ಗೊತ್ತೇ ಇರ್ಲಿಲ್ವಂತೆ" ಎಂದರು ಹೆಂಡತಿಗೆ. ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಇಷ್ಟು ವರ್ಷ ನಿಮ್ಮನ್ನ ತಪ್ಪು ತಿಳ್ಕೊಂಡಿದ್ನಲ್ಲಮ್ಮಾ. ಒಳ್ಳೆಯವ್ರು, ಆದ್ರೆ ಧೈರ್ಯ ಇಲ್ಲ ಅಂತ ಅಂದ್ಕೊಂಡಿದ್ದೆ. ಪೋನೀ ಬಿಡಿ. ಕತ್ತಲಲ್ಲಿ ಕೈ ತಪ್ಪಿದ್ದು ಅಷ್ಟೇ ತಾನೇ."

ಅವರ ಹೆಂಡತಿ ಮಾತ್ರ ಅಷ್ಟು ಬೇಗ ಬಿಡಲಿಲ್ಲ. "ಅವತ್ತು ಸಾಹೇಬ್ರು ಹತ್ತಿದಾಗ ನಮ್ಮ ಎರಡು ಹೆಂಚು ಒಡೆದವು. ಅದನ್ನ ಯಾವ ರಿಜಿಸ್ಟರಲ್ಲಿ ಬರೆದಿದ್ದೀರಿ ಮೇಡಂ?" ಎಂದರು. ಆದರೂ ಮಜ್ಜಿಗೆ ಕೊಟ್ಟರು. ನಂಜುಂಡಯ್ಯನವರ ಒಂದು ಮಾತಾದರೂ ನಿಜ, ಚೆನ್ನಾಗಿತ್ತು.

ಹದಿನೈದು ದಿನ ಬಿಟ್ಟು ಒಂದು ಶನಿವಾರ ಮಂಜುಳಾ ತನ್ನ ನಾಲ್ಕು ಗೆಳತಿಯರ ಜೊತೆ ಮತ್ತೆ ಮಾಲೂರಿಗೆ ಬಂದಳು. ಈ ಸಲ ಮೇಷ್ಟ್ರಿಲ್ಲ, ಊಟದ ವಿಚಾರಣೆಯೂ ಇಲ್ಲ. ನಾನು ಮುನಿವೆಂಕಟಪ್ಪನವರನ್ನು ಕರೆದುಕೊಂಡು ಬಂದಿದ್ದೆ. ಮಡಿ ಪಂಚೆ ಉಟ್ಟಿದ್ದರು. ಹೆಂಚನ್ನು ಇಳಿಸಿ ಗಾಜಿನ ಪೆಟ್ಟಿಗೆಯಲ್ಲಿ ಇಡಿಸಲು ರಶ್ಮಿ ಏಣಿ ತರಿಸಿದ್ದಳು. ಅವರು ಬೇಡವೆಂದರು.

"ಮೂವತ್ತು ವರ್ಷದಿಂದ ಒಂದು ತೊಟ್ಟು ನೀರು ಬಿಟ್ಟಿಲ್ಲ ಅದು. ಪೆಟ್ಟಿಗೇಲಿ ಕೂತಿರೋ ಉಳಿದವು ಏನು ಮಾಡ್ತಿವೆ ಹೇಳಿ? ಅಲ್ಲೇ ಇರ್ಲಿ. ಕೋಳಿ ಅಂದ್ಮೇಲೆ ಎತ್ತರದಲ್ಲೇ ಕೂರೋದು."

ಹಾಗಾಗಿ ಅದು ಅಲ್ಲೇ ಇದೆ. ಹಳೇ ರಿಜಿಸ್ಟರು ತೆಗೆಸಿ, ನೂರಹದಿನೇಳರ ಸಾಲಿನಲ್ಲಿ "ಕಾಣೆಯಾಗಿದೆ" ಎಂಬುದನ್ನು ಹೊಡೆದುಹಾಕಿ, ಷರಾ ಕಾಲಂನಲ್ಲಿ ನನ್ನ ಕೈಯಾರೆ ಬರೆದೆ. "ಸ್ಥಳ: ಓದುಕೋಣೆಯ ಸೂರು. ಕಾಣೆಯಾಗಿರಲಿಲ್ಲ. ಇಟ್ಟವರು: ಗ್ರಂಥಪಾಲಕಿ. ಅಟೆಂಡರ್ ಮುನಿವೆಂಕಟಪ್ಪನವರ ತಪ್ಪೇನೂ ಇಲ್ಲ. ಅವರ ಮನೆಯ ಎರಡು ಹೆಂಚು ಕೇಂದ್ರದಿಂದ ಒಡೆದಿವೆ." ಕೆಳಗೆ ಸಹಿ ಹಾಕಿದೆ. ನಿವೃತ್ತರು ಸಹಿ ಹಾಕಬಹುದೇ ಎಂದು ರಶ್ಮಿ ನಿಯಮ ಹುಡುಕುತ್ತಿದ್ದಾಳೆ, ಸಿಗುವವರೆಗೆ ಅದು ಅಲ್ಲಿರುತ್ತದೆ.

ಆದರೆ ಇದೆಲ್ಲ ಒಳಗೆ ಹೋದ ಮೇಲಿನ ಮಾತು. ನಾನು ನಿಮಗೆ ಹೇಳಬೇಕೆಂದಿದ್ದು ಬಾಗಿಲ ಹತ್ತಿರ ನಡೆದದ್ದು. ಆ ಬೆಳಿಗ್ಗೆ ನಾವು ಹೋದಾಗ ವಸ್ತುಸಂಗ್ರಹಾಲಯದ ಬಾಗಿಲಿಗೆ ಬೀಗ ಹಾಗೇ ಇತ್ತು. ನಾನು ಮೊದಲೇ ಹೇಳಿಟ್ಟಿದ್ದಂತೆ ರಶ್ಮಿ ಬೀಗದ ಕೈಯನ್ನು ಮುನಿವೆಂಕಟಪ್ಪನವರ ಕೈಗೆ ಕೊಟ್ಟಳು. ಅವರು ಬೀಗ ತೆಗೆದರು, ಬಾಗಿಲು ತಳ್ಳಿದರು, ಹಳೇ ಅಭ್ಯಾಸದಂತೆ ತಿರುಗಿ ನನ್ನ ಕಡೆ ಬೀಗದ ಕೈ ಚಾಚಿದರು.

ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ.

ಅವರು ಸ್ವಲ್ಪ ಹೊತ್ತು ಕಾದರು. ಆಮೇಲೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಬನ್ನಿ ಮಕ್ಕಳೇ, ನಿಧಾನಕ್ಕೆ ಬನ್ನಿ, ಹೊಸ್ತಿಲು ಎತ್ತರ ಇದೆ" ಎಂದು ಮುಂದೆ ನಡೆದರು. ಸಾಯಂಕಾಲ ಬಾಗಿಲು ಹಾಕುವವರೆಗೂ ಅದು ಅವರ ಸೊಂಟದಲ್ಲಿ ಸದ್ದು ಮಾಡುತ್ತಲೇ ಇತ್ತು.